ಚಲಚ್ಚಿತ್ರದಲ್ಲಿ ಸುತ್ತುಧ್ವನಿಯ ಸ್ಥಾನ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶದ ನಿದರ್ಶನಗಳೊಡನೆ

೧. ವಿಷಯಪ್ರವೇಶ

ನಮ್ಮ ಪ್ರಾಚೀನ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ನಾಟಕವು ದೃಶ್ಯಕಾವ್ಯವೆನಿಸಿತು. ಚಲಚ್ಚಿತ್ರವನ್ನೂ ನಾವು ಅದೇ ವರ್ಗಕ್ಕೆ ಸೇರಿಸುವುದು ರೂಢಿಯಾಗಿದೆ. 'ಸಿನಿಮಾ ನೋಡಿ ಬಂದೆವು' ಎನ್ನುತ್ತೇವೆಯೇ ಹೊರತು 'ಕೇಳಿ ಬಂದೆವು' ಎಂದು ಯಾರೂ ಹೇಳುವುದಿಲ್ಲ. ಆದರೆ ಭಯದ ಸನ್ನಿವೇಶವೊಂದರಲ್ಲಿ ಧ್ವನಿಯನ್ನು ನಿಲ್ಲಿಸಿ ಚಿತ್ರವನ್ನು ಮಾತ್ರ ನೋಡಿದರೆ ಭಯವು ಬಹುಮಟ್ಟಿಗೆ ಮಾಯವಾಗುವುದೆಂಬುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ನಾವು ಕಂಡೆವೆಂದು ಭಾವಿಸುವುದರಲ್ಲಿ ಬಹುಭಾಗವನ್ನು ಕೇಳಿಯೇ ಇರುತ್ತೇವೆ.

ಕಳೆದ ಕೆಲವು ದಶಕಗಳಿಂದ ಚಿತ್ರಮಂದಿರದ ಧ್ವನಿಯು ತೆರೆಯ ಹಿಂದಣ ಒಂದೇ ನೆಲೆಯನ್ನು ಬಿಟ್ಟು ಪ್ರೇಕ್ಷಕನ ಎಡಬಲಕ್ಕೂ ಬೆನ್ನಿಗೂ ಈಚೆಗೆ ನೆತ್ತಿಗೂ ಹಬ್ಬಿಕೊಂಡಿದೆ. ಇಂಗ್ಲಿಷಿನಲ್ಲಿ 'ಸರೌಂಡ್ ಸೌಂಡ್' ಎಂದು ಕರೆಯುವ ಈ ವ್ಯವಸ್ಥೆಯನ್ನು ಪ್ರಕೃತ ಲೇಖನದಲ್ಲಿ 'ಸುತ್ತುಧ್ವನಿ' ಎಂದು ಕರೆಯಲಾಗಿದೆ. ಇದರ ವಿಷಯದಲ್ಲಿ ಜನಸಾಮಾನ್ಯರಲ್ಲಿಯೂ ಜಾಹೀರಾತುಗಳಲ್ಲಿಯೂ ಪ್ರಚಾರದಲ್ಲಿರುವ ಅಭಿಪ್ರಾಯವೆಂದರೆ, ಸುತ್ತುಧ್ವನಿಯೆಂದರೆ ಹೆಚ್ಚು ಗಟ್ಟಿಯಾದ ಧ್ವನಿ ಎಂಬುದು. ಈ ಅಭಿಪ್ರಾಯವು ಸರಿಯಲ್ಲವೆಂದು ತೋರಿಸುವುದೇ ಲೇಖನದ ಉದ್ದೇಶ. ಸುತ್ತುಧ್ವನಿಯ ಗುಣವು ಗಟ್ಟಿತನದಲ್ಲಿಲ್ಲ. ಪ್ರೇಕ್ಷಕನನ್ನು ಒಂದು ಸ್ಥಳದೊಳಗೆ ನಿಲ್ಲಿಸುವುದರಲ್ಲಿದೆ. ಹೀಗಿರುವುದರಿಂದ ಅದನ್ನು ಅಳೆಯಬೇಕಾದ ಮಾನದಂಡವೂ ಸ್ಥಳವೇ. ಈ ಮಾತನ್ನು ವಿಶದಪಡಿಸಲು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಂದ ನಿದರ್ಶನಗಳನ್ನು ಆರಿಸಿಕೊಂಡಿದೆ. ಕಣ್ಣಿಗಿಂತ ಕಿವಿಯನ್ನೇ ನಂಬಿ ನಡೆಯಬೇಕಾದ ದಟ್ಟ ಕಾಡು ಇಲ್ಲಿದೆ. ಹಲವು ಜನಸಮುದಾಯಗಳ ವಿಭಿನ್ನ ನಾದಪರಂಪರೆಗಳೂ ಇಲ್ಲಿ ಸೇರಿವೆ.

೨. ಕಿವಿಯು ದಿಕ್ಕನ್ನರಿಯುವ ಬಗೆ

ಕಣ್ಣು ಮುಂದಿರುವುದನ್ನು ಮಾತ್ರ ಕಾಣುತ್ತದೆ. ರೆಪ್ಪೆ ಮುಚ್ಚಿದರೆ ಅದೂ ಇಲ್ಲ. ಕಿವಿಗೆ ರೆಪ್ಪೆಯಿಲ್ಲ. ನಿದ್ರೆಯಲ್ಲಿಯೂ ಅದು ಎಂಟು ದಿಕ್ಕುಗಳಿಗೆ ತೆರೆದಿರುತ್ತದೆ. ಜೋಯಿಡಾದ ಕಾಡುದಾರಿಯಲ್ಲಿ ನಡೆಯುವವನಿಗೆ ಈ ಭೇದವು ಸುಲಭವಾಗಿ ಮನವರಿಕೆಯಾಗುತ್ತದೆ. ಮರಗಳ ಸಂದಿಯಲ್ಲಿ ಹತ್ತಿಪ್ಪತ್ತು ಮಾರಿನಾಚೆಗೆ ದೃಷ್ಟಿ ಹಾಯದು. ದೊಡ್ಡ ಮಂಗಟ್ಟೆ ಹಕ್ಕಿಯು ತಲೆಯ ಮೇಲೆ ಹಾದುಹೋಗುವುದು ಮೊದಲು ತಿಳಿಯುವುದು ಅದರ ರೆಕ್ಕೆಯ ಭೋರೆಂಬ ಸದ್ದಿನಿಂದಲೇ. ಆ ಹಕ್ಕಿಯ ರೆಕ್ಕೆಯ ಅಡಿಯಲ್ಲಿ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಗರಿಗಳಿಲ್ಲದ ಕಾರಣ, ಗಾಳಿಯು ದೊಡ್ಡ ಗರಿಗಳ ನಡುವೆ ನುಗ್ಗಿ ಈ ಸದ್ದು ಹುಟ್ಟುತ್ತದೆ. ಜಿಂಕೆಯ ಎಚ್ಚರಿಕೆಯ ಕೂಗು ಒಂದು ಬದಿಯಿಂದ ಎದ್ದಿತೆಂದರೆ, ಅಪಾಯವು ಯಾವ ದಿಕ್ಕಿನಲ್ಲಿದೆಯೆಂದು ಕಾಡನ್ನು ಬಲ್ಲವನು ಊಹಿಸುತ್ತಾನೆ. ಕೇಳುವುದೆಂದರೆ ಇಲ್ಲಿ ದಿಕ್ಕನ್ನು ಕೇಳುವುದೇ ಆಗಿದೆ.

ದಿಕ್ಕಿನ ಈ ಅರಿವು ಹೇಗೆ ಉಂಟಾಗುತ್ತದೆ? ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ೧೯೦೭ರಲ್ಲಿ ಇದಕ್ಕೆ ಎರಡು ಕಾರಣಗಳನ್ನು ನಿರೂಪಿಸಿದನು. ಮೊದಲನೆಯದು ಕಾಲದ ಅಂತರ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ತಲಪಿ, ಬಲಗಿವಿಗೆ ಕಿಂಚಿತ್ ತಡವಾಗಿ ತಲಪುತ್ತದೆ. ಸದ್ದು ಸಾಧಾರಣ ಉಷ್ಣತೆಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುವುದರಿಂದ, ಈ ಅಂತರವು ಅತ್ಯಧಿಕವೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಮೂರನೆಯ ಎರಡಂಶದಷ್ಟು ಮಾತ್ರ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನೂ ಮೆದುಳು ಗ್ರಹಿಸುತ್ತದೆ. ಎರಡನೆಯದು ಬಲದ ಅಂತರ. ಏರುಶ್ರುತಿಯ ಸದ್ದಿಗೆ ತಲೆಯೇ ಅಡ್ಡವಾಗಿ ಆಚೆಯ ಕಿವಿಯ ಮೇಲೆ ನೆರಳು ಬೀಳಿಸುತ್ತದೆ. ಇಳಿಶ್ರುತಿಯ ಸದ್ದಿನ ಅಲೆಗಳು ಉದ್ದವಾಗಿರುವುದರಿಂದ ತಲೆಯನ್ನು ಬಳಸಿಕೊಂಡು ಹೋಗುತ್ತವೆ. ಮುಂದಿನ ಸದ್ದು ಯಾವುದು, ಹಿಂದಿನದು ಯಾವುದು, ಮೇಲಿನದು ಯಾವುದು ಎಂಬುದನ್ನು ಹೊರಗಿವಿಯ ಮಡಿಕೆಗಳು ಸದ್ದಿನಲ್ಲುಂಟುಮಾಡುವ ಬದಲಾವಣೆಯಿಂದಲೂ, ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದಲೂ ನಿರ್ಣಯಿಸಿಕೊಳ್ಳುತ್ತೇವೆ.

ಇದರ ಜೊತೆಗೆ ಇನ್ನೊಂದು ನಿಯಮವನ್ನು ಗಮನಿಸಬೇಕು. ಒಂದೇ ಸದ್ದು ಎರಡು ನೆಲೆಗಳಿಂದ ಅತ್ಯಲ್ಪ ಕಾಲದ ಅಂತರದಲ್ಲಿ ಬಂದರೆ, ಕಿವಿಯು ಮೊದಲು ಬಂದುದರ ದಿಕ್ಕನ್ನೇ ನಿಜವೆಂದು ಹಿಡಿಯುತ್ತದೆ. ಇದಕ್ಕೆ 'ಪೂರ್ವಾಗಮನ ನಿಯಮ'ವೆಂದು ಹೆಸರಿಡಬಹುದು. ೧೯೪೯ರಿಂದ ೧೯೫೧ರ ಅವಧಿಯಲ್ಲಿ ವಾಲಾಕ್ ಮತ್ತು ಸಂಗಡಿಗರು ಹಾಗೂ ಹಾಸ್ ಎಂಬ ವಿದ್ವಾಂಸನು ಇದನ್ನು ಪ್ರಯೋಗಗಳಿಂದ ಸ್ಪಷ್ಟಪಡಿಸಿದರು. ಅಂತರವು ಹೆಚ್ಚಾದರೆ ಎರಡನೆಯದು ಪ್ರತ್ಯೇಕವಾದ ಮಾರ್ದನಿಯಾಗಿ ಕೇಳುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಕೂಗು ಹಲವು ಬಾರಿ ಮರಳಿ ಕೇಳಿಸುವುದು ಈ ಎರಡನೆಯ ಸ್ಥಿತಿಗೆ ನಮ್ಮ ನಾಡಿನ ಪ್ರಸಿದ್ಧ ಉದಾಹರಣೆ. ಚಿತ್ರಮಂದಿರದ ಧ್ವನಿವ್ಯವಸ್ಥೆಯೆಲ್ಲವೂ ಈ ನಿಯಮಗಳ ಮೇಲೆ ನಿಂತಿದೆ.

೩. ಸುತ್ತಲಿನ ನಾದದ ಹಳೆಯ ರೂಪಗಳು

ಪ್ರೇಕ್ಷಕನನ್ನು ನಾದದಿಂದ ಸುತ್ತುವರಿಯುವ ಯತ್ನವು ಯಂತ್ರಯುಗದ ಸೃಷ್ಟಿಯಲ್ಲ. ರಂಗಮಂದಿರವು ಪರ್ವತಗುಹೆಯ ಆಕಾರದಲ್ಲಿದ್ದು ಗಾಳಿಯ ಹೊಡೆತಕ್ಕೆ ಸಿಕ್ಕದಂತಿರಬೇಕು, ಹಾಗಿದ್ದರೆ ಧ್ವನಿಯು ಗಂಭೀರವಾಗುತ್ತದೆ ಎಂಬ ಅಭಿಪ್ರಾಯವು ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿದೆ. ಮಂದಿರವು ಅತಿ ದೊಡ್ಡದಾದರೆ ಮಾತು ಅಸ್ಪಷ್ಟವಾಗುವುದೆಂದು ಎಚ್ಚರಿಸಿ, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮಪ್ರಮಾಣವೇ ತಕ್ಕದ್ದೆಂದು ಅಲ್ಲಿ ವಿಧಿಸಲಾಗಿದೆ. ಯುರೋಪಿನಲ್ಲಿ ಹದಿನಾರನೆಯ ಶತಮಾನದ ವೆನಿಸ್ ನಗರದ ಸಂತ ಮಾರ್ಕನ ದೇವಾಲಯಕ್ಕಾಗಿ, ಗಾಯಕವೃಂದಗಳನ್ನು ಬೇರೆಬೇರೆ ಸ್ಥಾನಗಳಲ್ಲಿ ನಿಲ್ಲಿಸಿ ಒಂದಕ್ಕೊಂದು ಉತ್ತರ ಕೊಡುವಂತೆ ಗೀತಗಳನ್ನು ರಚಿಸಲಾಯಿತು.

ನಮ್ಮ ಪ್ರದೇಶದಲ್ಲಿಯೂ ಇದಕ್ಕೆ ಸಮೀಪವಾದ ರೂಪಗಳುಂಟು. ಮುಂಡಗೋಡದಲ್ಲಿ ೧೯೬೬ರಲ್ಲಿ ಆರಂಭವಾದ ಟಿಬೆಟನ್ ವಸತಿಯಲ್ಲಿ ಡ್ರೆಪುಂಗ್, ಗಾಂದೆನ್ ಎಂಬ ಪ್ರಸಿದ್ಧ ವಿಹಾರಗಳು ಪುನಃ ಸ್ಥಾಪಿತವಾದವು. ಟಿಬೆಟನ್ ವಿಹಾರಗಳ ಸಭಾಂಗಣದಲ್ಲಿ ಭಿಕ್ಷುಗಳು ನಡುವಣ ದಾರಿಯ ಎರಡೂ ಕಡೆ ಸಾಲುಸಾಲಾಗಿ ಪರಸ್ಪರ ಎದುರುಬದುರಾಗಿ ಕುಳಿತು ಪಠಿಸುತ್ತಾರೆ. ಮಂದ್ರಸ್ವರದ ಪಾರಾಯಣವು ಎಡಬಲಗಳಿಂದ ಒಟ್ಟಿಗೆ ಬಂದು ನಡುವೆ ಕೂಡುತ್ತದೆ. ನೀಳ ಕಹಳೆಗಳ ತಗ್ಗು ನಾದವು ಯಾವ ಕಡೆಯಿಂದ ಬಂದಿತೆಂದು ಹೇಳುವುದೇ ಕಷ್ಟ. ಹಳಿಯಾಳ, ಮುಂಡಗೋಡ ಮತ್ತು ನೆರೆಯ ಯಲ್ಲಾಪುರದಲ್ಲಿ ನೆಲೆಸಿರುವ ಸಿದ್ದಿ ಜನರ ದಮಾಮಿ ಕುಣಿತದಲ್ಲಿ ನುಡಿಸುವವರು, ಹಾಡುವವರು, ಕುಣಿಯುವವರು ಒಂದೇ ಗುಂಪಾಗಿರುತ್ತಾರೆ. ನಡುವೆ ನಿಂತವನಿಗೆ ಚಪ್ಪಾಳೆ ಒಂದು ಕಡೆ, ಹಾಡು ಮತ್ತೊಂದು ಕಡೆ, ದಮಾಮಿಯ ಗುಡುಗು ಕಾಲಡಿಯ ನೆಲದಲ್ಲಿಯೇ ಕೇಳಿಸುತ್ತದೆ. ಕರಾವಳಿಯ ತೆಂಕುತಿಟ್ಟಿನ ಬಯಲಾಟದಲ್ಲಿ ಬಣ್ಣದ ವೇಷವು ದೀವಟಿಗೆಯ ಬೆಳಕಿನೊಡನೆ ಪ್ರೇಕ್ಷಕರ ನಡುವಿನಿಂದಲೇ ಅಬ್ಬರಿಸುತ್ತ ರಂಗಸ್ಥಳಕ್ಕೆ ಬರುವ ಸಂಪ್ರದಾಯವಿದೆ. ಬೆನ್ನ ಹಿಂದಿನಿಂದೆದ್ದ ಆ ಆರ್ಭಟಕ್ಕೆ ಮಕ್ಕಳು ಬೆಚ್ಚುವರಷ್ಟೆ!

ಈ ಎಲ್ಲ ರೂಪಗಳಲ್ಲಿ ಒಂದು ಸಮಾನ ಲಕ್ಷಣವನ್ನು ಗುರುತಿಸಬಹುದು. ಕೇಳುವವನು ನಾದದ ಎದುರಿಗಿಲ್ಲ, ಅದರ ಒಳಗಿದ್ದಾನೆ. ಚಲಚ್ಚಿತ್ರದ ಧ್ವನಿಯು ಕೇಳುವವನನ್ನು ಮೊದಲು ಈ ವೃತ್ತದಿಂದ ಹೊರಗೆ ತಂದು, ಆಮೇಲೆ ದೀರ್ಘ ಪ್ರಯತ್ನದಿಂದ ಮತ್ತೆ ಒಳಗೆ ಕರೆದುಕೊಂಡಿತು.

೪. ಒಂದು ಬಾಯಿಂದ ಹಲವು ಬಾಯಿಗೆ

ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ೧೯೩೧ರಲ್ಲಿಯೂ, ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ೧೯೩೪ರಲ್ಲಿಯೂ ಬಂದವು. ಆಗಿನ ಧ್ವನಿಯು ಏಕವಾಹಿನಿಯದು. ಪಾತ್ರವು ತೆರೆಯ ಎಡತುದಿಯಲ್ಲಿದ್ದರೂ ಬಲತುದಿಯಲ್ಲಿದ್ದರೂ ಮಾತು ಒಂದೇ ನೆಲೆಯಿಂದ ಬರುತ್ತಿತ್ತು. ಆದರೂ ನಮಗೆ ಅದು ಪಾತ್ರದ ಬಾಯಿಂದಲೇ ಬಂದಂತೆ ತೋರುತ್ತಿತ್ತು. ಕಣ್ಣು ಕಿವಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಬೊಂಬೆಯಾಟದಲ್ಲಿ ಸೂತ್ರಧಾರನ ಮಾತು ಬೊಂಬೆಯದೇ ಎನ್ನಿಸುವುದೂ ಹೀಗೆಯೇ. ಆದರೆ ಇಂಗ್ಲೆಂಡಿನ ತಂತ್ರಜ್ಞ ಅಲನ್ ಬ್ಲುಮ್‌ಲೈನನಿಗೆ ಇದು ಅತೃಪ್ತಿಯನ್ನುಂಟುಮಾಡಿತೆಂದು ಹೇಳುತ್ತಾರೆ. ಅವನು ೧೯೩೧ರಲ್ಲಿಯೇ ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಹಕ್ಕುಪತ್ರವನ್ನು ಕೋರಿದನು.

ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರವು ೧೯೪೦ರಲ್ಲಿ 'ಫ್ಯಾಂಟಸೌಂಡ್' ಎಂಬ ವ್ಯವಸ್ಥೆಯಿಂದ ಧ್ವನಿಯನ್ನು ತೆರೆಯ ಉದ್ದಕ್ಕೂ ಸಭಾಂಗಣದೊಳಕ್ಕೂ ಸಂಚರಿಸುವಂತೆ ಮಾಡಿತು. ಅದರ ವೆಚ್ಚ ಅತ್ಯಧಿಕವಾದುದರಿಂದ ಕೆಲವೇ ಮಂದಿರಗಳಲ್ಲಿ ನಿಂತಿತು. ಮುಂದೆ ದೂರದರ್ಶನದ ಸ್ಪರ್ಧೆಗೆ ಸಿಕ್ಕಿದ ಅಮೆರಿಕದ ಚಿತ್ರೋದ್ಯಮವು ತೆರೆಯನ್ನು ಅಗಲಿಸಿದಾಗ ಧ್ವನಿಯೂ ಅಗಲವಾಯಿತು. ೧೯೫೨ರ ಸಿನೆರಾಮಾದಲ್ಲಿ ಏಳು, ೧೯೫೩ರ ಸಿನೆಮಾಸ್ಕೋಪಿನಲ್ಲಿ ನಾಲ್ಕು, ೧೯೫೫ರ ೭೦ ಮಿಲಿಮೀಟರ್ ಪದ್ಧತಿಯಲ್ಲಿ ಆರು ವಾಹಿನಿಗಳಿದ್ದವು. ಭಾರತೀಯ ಪ್ರೇಕ್ಷಕರಲ್ಲಿ ಬಹುಮಂದಿಗೆ ಬಹುವಾಹಿನಿಯ ಪ್ರಥಮ ಪರಿಚಯವಾದುದು ೧೯೭೫ರ 'ಶೋಲೆ'ಯಿಂದ. ಸಣ್ಣ ಊರುಗಳ ಟಾಕೀಸುಗಳಲ್ಲಿ, ಡೇರೆಯ ಟೂರಿಂಗ್ ಟಾಕೀಸುಗಳಲ್ಲಿ ಮಾತ್ರ ಏಕವಾಹಿನಿಯೇ ಬಹುಕಾಲ ಮುಂದುವರಿಯಿತು.

೧೯೭೦ರ ದಶಕದಲ್ಲಿ ಡಾಲ್ಬಿ ಸಂಸ್ಥೆಯು ನಾಲ್ಕು ವಾಹಿನಿಗಳನ್ನು ಸಾಧಾರಣ ೩೫ ಮಿಲಿಮೀಟರ್ ಪಟ್ಟಿಯ ಎರಡು ರೇಖೆಗಳಲ್ಲಿ ಅಡಕಗೊಳಿಸಿತು. ಇದರಿಂದ ವೆಚ್ಚ ಇಳಿದು ಸುತ್ತುಧ್ವನಿಯು ಸಾರ್ವತ್ರಿಕವಾಗುವುದಕ್ಕೆ ದಾರಿಯಾಯಿತು. ೧೯೭೯ರ 'ಅಪೋಕ್ಯಾಲಿಪ್ಸ್ ನೌ' ಚಿತ್ರದ ೭೦ ಮಿಲಿಮೀಟರ್ ಪ್ರತಿಯಲ್ಲಿ ಹಿಂದಣ ಧ್ವನಿಯನ್ನು ಎಡಬಲಗಳೆಂದು ಬೇರ್ಪಡಿಸಿ, ಹೆಲಿಕಾಪ್ಟರಿನ ಸದ್ದು ಸಭಾಂಗಣವನ್ನು ಪ್ರದಕ್ಷಿಣೆ ಬರುವಂತೆ ವಾಲ್ಟರ್ ಮರ್ಚ್ ಮೊದಲಾದವರು ಯೋಜಿಸಿದರು. ೧೯೯೨ರಿಂದ ಅಂಕೀಯ ಪದ್ಧತಿಯ '೫.೧' ವ್ಯವಸ್ಥೆ ರೂಢಿಗೆ ಬಂದಿತು. ಇದರಲ್ಲಿ ತೆರೆಯ ಹಿಂದೆ ಎಡ, ನಡು, ಬಲ ಎಂಬ ಮೂರು, ಪಕ್ಕ-ಹಿಂಬದಿಗಳಿಗೆ ಎಡ-ಬಲ ಎಂಬ ಎರಡು ಹೀಗೆ ಐದು ವಾಹಿನಿಗಳು ಇರುತ್ತವೆ. ಇವಲ್ಲದೆ ಅತಿ ತಗ್ಗಿನ ಸದ್ದಿಗೆ ಮೀಸಲಾದ ಒಂದು ವಾಹಿನಿಯಿದ್ದು, ಅದರ ವ್ಯಾಪ್ತಿ ಕಿರಿದಾದುದರಿಂದ ಅದನ್ನು 'ದಶಮಾಂಶ ಒಂದು' ಎಂದು ಎಣಿಸಲಾಗಿದೆ. ೧೯೯೩ರಲ್ಲಿ 'ಜುರಾಸಿಕ್ ಪಾರ್ಕ್' ಮತ್ತೊಂದು ಅಂಕೀಯ ಪದ್ಧತಿಯಾದ ಡಿ.ಟಿ.ಎಸ್. ಅನ್ನು ಪ್ರಚುರಪಡಿಸಿತು. ೨೦೧೨ರಲ್ಲಿ 'ಬ್ರೇವ್' ಚಿತ್ರದೊಡನೆ ಬಂದ ಡಾಲ್ಬಿ ಅಟ್ಮಾಸ್ ಪದ್ಧತಿಯು ನೆತ್ತಿಯ ಮೇಲೂ ಧ್ವನಿವರ್ಧಕಗಳನ್ನಿರಿಸಿತು. ಇದರಲ್ಲಿ ಪ್ರತಿಯೊಂದು ಸದ್ದನ್ನೂ ಒಂದು ವಸ್ತುವೆಂದು ಪರಿಗಣಿಸಿ, ಅದು ಯಾವ ಬಿಂದುವಿನಲ್ಲಿರಬೇಕೆಂಬುದನ್ನು ಬರೆದಿಡುತ್ತಾರೆ. ಇಂಥ ಧ್ವನಿರೇಖೆಗಳು ೧೨೮ರವರೆಗೂ, ಮಂದಿರದಲ್ಲಿ ಪ್ರತ್ಯೇಕ ನಿರ್ಗಮಗಳು ೬೪ರವರೆಗೂ ಇರಬಹುದು.

೫. ಅನುಭವದಲ್ಲಿ ಆಗುವ ವ್ಯತ್ಯಾಸಗಳು

ಇಷ್ಟೆಲ್ಲ ವ್ಯವಸ್ಥೆಯಿಂದ ಪ್ರೇಕ್ಷಕನಿಗೆ ಏನು ಲಭಿಸಿತು ಎಂಬ ಪ್ರಶ್ನೆಗೆ ನಾಲ್ಕು ವಿಧವಾಗಿ ಉತ್ತರ ಹೇಳಬಹುದು.

ಮೊದಲನೆಯದು ಸ್ಥಳಪ್ರತ್ಯಯ. ತೆರೆಯ ಮೇಲೆ ಒಬ್ಬನ ಮುಖ ಮಾತ್ರ ಕಾಣುತ್ತಿದೆ ಎಂದಿಟ್ಟುಕೊಳ್ಳೋಣ. ಸುತ್ತಲಿನಿಂದ ಮಳೆಯ ಹನಿ ಎಲೆಯ ಮೇಲೆ ಬೀಳುವ ಸದ್ದು, ಹಿಂದಿನಿಂದ ಹೊಳೆಯ ಮೊರೆತ, ಮೇಲಿನಿಂದ ಜೀರುಂಡೆಯ ಏಕತಾನ ಕೇಳಿದರೆ ಪ್ರೇಕ್ಷಕನು ಕಾಡನ್ನು ಕಾಣದೆಯೇ ಕಾಡಿನಲ್ಲಿರುತ್ತಾನೆ. ಫ್ರಾನ್ಸಿನ ವಿಮರ್ಶಕ ಮಿಶೆಲ್ ಶಿಯೋನ್, ತೆರೆಯ ಅಂಚನ್ನು ಮೀರಿ ಧ್ವನಿಗಳೇ ಕಟ್ಟುವ ಈ ವಿಶಾಲ ಕ್ಷೇತ್ರಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾನೆ. ನಾವು ಅದನ್ನು 'ಧ್ವನಿಬಯಲು' ಎನ್ನಬಹುದು. ಅದು ಏರ್ಪಟ್ಟ ಬಳಿಕ ಸ್ಥಳವನ್ನು ತಿಳಿಸಲು ದೂರದ ದೃಶ್ಯವನ್ನು ಮೊದಲು ತೋರಿಸಲೇಬೇಕೆಂಬ ನಿರ್ಬಂಧವು ಸಡಿಲವಾಯಿತು. ದೃಶ್ಯಗಳನ್ನು ತುಂಡುತುಂಡಾಗಿ ಜೋಡಿಸಿದರೂ ಸುತ್ತಲಿನ ಧ್ವನಿಯು ಅವನ್ನು ಒಂದೇ ನೆಲದ ಮೇಲೆ ಹಿಡಿದಿಡುತ್ತದೆ.

ಎರಡನೆಯದು ಅದೃಶ್ಯದ ಸಾನ್ನಿಧ್ಯ. ತೆರೆಯ ಮೇಲಿರುವುದು ಎಷ್ಟೇ ಭಯಂಕರವಾದರೂ ಅದಕ್ಕೆ ಒಂದು ಎಲ್ಲೆಯುಂಟು. ಬೆನ್ನ ಹಿಂದಿನ ಒಣ ಎಲೆಯ ಸದ್ದಿಗೆ ಎಲ್ಲೆಯಿಲ್ಲ. ೨೦೨೨ರ 'ಕಾಂತಾರ' ಚಿತ್ರದಲ್ಲಿ ದೈವದ ಕೂಗು ಕಥೆಯ ಕೀಲಿಯಾಗಿ ಮತ್ತೆ ಮತ್ತೆ ಬರುತ್ತದೆ. ಕಾಡಿನಲ್ಲಿ ಮರೆಯಾದವನ ಇರವನ್ನು ಅಲ್ಲಿ ರೂಪಕ್ಕಿಂತ ಧ್ವನಿಯೇ ಸಾರುತ್ತದೆ. ಕಾಣದ ಶಕ್ತಿಯನ್ನು ಕಣ್ಣಿಗೆ ತೋರಿಸುವುದಕ್ಕಿಂತ ಕಿವಿಗೆ ಮುಟ್ಟಿಸುವುದೇ ಹೆಚ್ಚು ಸಹಜವೆಂಬುದನ್ನು ಭೂತಾರಾಧನೆಯ ರಾತ್ರಿಗಳನ್ನು ಕಂಡವರು ಒಪ್ಪುವರು.

ಮೂರನೆಯದು ಮೌನದ ಆಕಾರ. ಮೌನವನ್ನು ನಾವು ಕೇಳುವುದು ದೂರದ ಸಣ್ಣ ಸದ್ದುಗಳ ಮೂಲಕವೇ ಎಂದು ಹಂಗೇರಿಯ ಚಿತ್ರತತ್ತ್ವಜ್ಞ ಬೇಲಾ ಬಾಲಾಷ್ ವಿವೇಚಿಸಿದ್ದಾನೆ. ಎಲ್ಲ ವಾಹಿನಿಗಳೂ ಸ್ತಬ್ಧವಾದರೆ ಅದು ಮೌನವೆನಿಸುವುದಿಲ್ಲ, ಯಂತ್ರ ಕೆಟ್ಟಿತೆಂಬ ಶಂಕೆ ಬರುತ್ತದೆ. ಬಹುದೂರದಲ್ಲಿ, ಹಿಂದಣ ಎಡಮೂಲೆಯಲ್ಲಿ, ಒಂದೇ ಒಂದು ಕಪ್ಪೆ ವಟಗುಟ್ಟಿದರೆ ನಡುವಣ ನಿಶ್ಶಬ್ದವು ಎಷ್ಟು ವಿಸ್ತಾರವೆಂಬುದು ತಿಳಿಯುತ್ತದೆ. ಸುತ್ತುಧ್ವನಿಯ ಅತ್ಯುತ್ತಮ ಉಪಯೋಗವು ಗದ್ದಲದ ಕಾಳಗಗಳಲ್ಲಿಲ್ಲ, ಇಂಥ ನಿಶ್ಶಬ್ದಗಳಲ್ಲಿದೆ.

ನಾಲ್ಕನೆಯದು ದೇಹಾನುಭವ. ಸೆಕೆಂಡಿಗೆ ೧೦೦ ಕಂಪನಗಳ ಸದ್ದಿನ ಅಲೆಯು ಸುಮಾರು ಮೂರೂವರೆ ಮೀಟರು ಉದ್ದವಾಗಿರುತ್ತದೆ. ಅದಕ್ಕಿಂತ ತಗ್ಗಿನ ಸದ್ದಿಗೆ ಮುಚ್ಚಿದ ಸಭಾಂಗಣದಲ್ಲಿ ದಿಕ್ಕು ತಿಳಿಯದು. ಅದನ್ನು ಎದೆಯೂ ಕುರ್ಚಿಯೂ ಕೇಳುತ್ತವೆ. ಅತಿ ತಗ್ಗಿನ ಸದ್ದಿಗೆ ಒಂದೇ ವಾಹಿನಿ ಸಾಲುವುದಕ್ಕೆ ಇದೇ ಕಾರಣ. ದಮಾಮಿಯ ನಾದವು ಕಾಲಡಿಯಿಂದ ಬಂದಂತೆ ತೋರುವುದೂ, ಟಿಬೆಟನ್ ಕಹಳೆಯ ದಿಕ್ಕು ಹೊಳೆಯದಿರುವುದೂ ಇದೇ ಭೌತನಿಯಮದಿಂದ.

೬. ಮಿತಿಗಳೂ ಅಪವ್ಯಯಗಳೂ

ಹೀಗೆ ಹೇಳಿದ ಮಾತ್ರಕ್ಕೆ ಧ್ವನಿವರ್ಧಕಗಳ ಸಂಖ್ಯೆ ಹೆಚ್ಚಿದಂತೆಲ್ಲ ಅನುಭವವೂ ಹೆಚ್ಚುವುದೆಂದು ಭಾವಿಸಬಾರದು. ತೆರೆಯ ಮುಂದಿನ ಕಥೆಯಲ್ಲಿ ತಲ್ಲೀನನಾದ ಪ್ರೇಕ್ಷಕನಿಗೆ ಹಿಂದಣ ಗೋಡೆಯಿಂದ ಥಟ್ಟನೆ ಒಂದು ಬಾಗಿಲ ಸದ್ದು ಕೇಳಿದರೆ ಅವನು ಹಿಂದಿರುಗಿ ನೋಡುತ್ತಾನೆ. ಅಲ್ಲಿ ಕಾಣುವುದು ನಿರ್ಗಮನದ ಫಲಕ ಮಾತ್ರ. ಆ ಕ್ಷಣದಲ್ಲಿ ಚಿತ್ರದ ಮಾಯೆ ಹರಿದುಹೋಗುತ್ತದೆ. ಧ್ವನಿತಜ್ಞರಲ್ಲಿ ಈ ದೋಷವು ಸುಪ್ರಸಿದ್ಧ. ಆದಕಾರಣವೇ ಸಂಭಾಷಣೆಯನ್ನು ಇಂದಿಗೂ ಬಹುಮಟ್ಟಿಗೆ ನಡುವಣ ವಾಹಿನಿಯಲ್ಲಿಯೇ ಇರಿಸಿ, ಸುತ್ತಲ ವಾಹಿನಿಗಳಿಗೆ ಮಳೆ, ಗಾಳಿ, ಜನಜಂಗುಳಿ, ಮಾರ್ದನಿ ಮುಂತಾದ ಹರಡಿದ ಸದ್ದುಗಳನ್ನು ಕೊಡುವುದು ಸಾಮಾನ್ಯ ಕ್ರಮವಾಗಿದೆ.

ಆಸನವೂ ಅನುಭವವನ್ನು ನಿರ್ಣಯಿಸುತ್ತದೆ. ೩೦ ಮೀಟರು ಉದ್ದದ ಸಭಾಂಗಣದಲ್ಲಿ ತೆರೆಯ ಸದ್ದು ಕೊನೆಯ ಸಾಲಿಗೆ ತಲಪಲು ಸೆಕೆಂಡಿನ ಸಾವಿರದಲ್ಲಿ ಸುಮಾರು ೮೭ ಭಾಗ ಹಿಡಿಯುತ್ತದೆ. ಹಿಂದಣ ಗೋಡೆಯ ಸದ್ದು ಅಲ್ಲಿಯವರಿಗೆ ಒಡನೆಯೇ ಕೇಳುತ್ತದೆ. ಪೂರ್ವಾಗಮನ ನಿಯಮದ ಮೇರೆಗೆ ಎಲ್ಲವೂ ಹಿಂದಿನಿಂದಲೇ ಬಂದಂತೆ ತೋರುವ ಅಪಾಯವಿರುವುದರಿಂದ, ಸುತ್ತಲ ವಾಹಿನಿಗಳನ್ನು ಉದ್ದೇಶಪೂರ್ವಕವಾಗಿ ತಡಮಾಡಿ ನುಡಿಸಬೇಕಾಗುತ್ತದೆ. ಹೀಗೆ ಮಾಡಿದರೂ ನಡುವಣ ಆಸನದವನಿಗೂ ಗೋಡೆಯ ಪಕ್ಕದವನಿಗೂ ಒಂದೇ ಅನುಭವ ದೊರೆಯದು.

ಮತ್ತೊಂದು ಸಂಗತಿಯೂ ವಿಚಾರಾರ್ಹ. ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಚಿತ್ರಗಳನ್ನು ನೋಡುವುದು ಮೊಬೈಲಿನಲ್ಲಿ. ಬರಿಯ ಮೊಬೈಲಿನ ಧ್ವನಿಯು ೧೯೩೪ರ ಏಕವಾಹಿನಿಗೆ ಸಮೀಪವಾದುದು. ಇಯರ್‌ಫೋನಿನಲ್ಲಿ ದಿಕ್ಕನ್ನು ಅನುಕರಿಸಬಹುದಾದರೂ, ಎಲ್ಲರ ಹೊರಗಿವಿಯ ಮಡಿಕೆಗಳು ಒಂದೇ ರೀತಿಯಾಗಿರದ ಕಾರಣ ಮುಂದಿನ ಸದ್ದು ಕೆಲವರಿಗೆ ತಲೆಯೊಳಗಿನದೆಂಬಂತೆ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆನ್ನ ಹಿಂದಿನ ಸದ್ದಿಗೆ ಮುನ್ನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿಯುವ ಅನುಭವ ಅಲ್ಲಿಲ್ಲ. ದಮಾಮಿಯ ವೃತ್ತದಲ್ಲಿ ಕೇಳುವವನನ್ನು ಸುತ್ತುವರಿಯುವುದು ನಾದ ಮಾತ್ರವಲ್ಲ, ಜನರೂ ಹೌದು.

೭. ಕಾಡಿನ ಧ್ವನಿಯ ಸತ್ಯಾಸತ್ಯ

ಸುತ್ತುಧ್ವನಿಯು ಸ್ಥಳವನ್ನು ಕಟ್ಟುತ್ತದೆಯೆಂದ ಮೇಲೆ, ಅದು ಕಟ್ಟುವ ಸ್ಥಳ ಯಾವುದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಭಾರತದಲ್ಲಿ ದೀರ್ಘಕಾಲ ಸಂಭಾಷಣೆಯನ್ನು ಚಿತ್ರೀಕರಣದ ತರುವಾಯ ಸ್ಟುಡಿಯೋದಲ್ಲಿ ಮರುಮುದ್ರಿಸುವ ಪದ್ಧತಿಯೇ ಪ್ರಬಲವಾಗಿತ್ತು. ಹೀಗೆ ಮಾಡಿದಾಗ ಮಾತಿನೊಡನೆ ಸ್ಥಳದ ಸದ್ದೂ ಅಳಿಸಿಹೋಗುವುದರಿಂದ, ಅದನ್ನು ಬೇರೆಡೆಯಿಂದ ತಂದು ತುಂಬಬೇಕಾಗುತ್ತದೆ. ಸ್ಥಳದಲ್ಲಿಯೇ ಧ್ವನಿ ಮುದ್ರಿಸುವ ಕ್ರಮವು ೨೦೦೧ರ 'ಲಗಾನ್' ಚಿತ್ರದ ಬಳಿಕ ಮತ್ತೆ ಮನ್ನಣೆ ಪಡೆಯಿತು. ಕನ್ನಡದಲ್ಲಿ, ೨೦೧೫ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕೃತವಾದ 'ತಿಥಿ' ಚಿತ್ರವು ಮಂಡ್ಯ ಸೀಮೆಯ ಹಳ್ಳಿಯ ನೈಜ ಧ್ವನಿಯನ್ನು ಉಳಿಸಿಕೊಂಡಿದೆ. ವನ್ಯಜೀವಿ ಚಿತ್ರಗಳಲ್ಲಂತೂ ಈ ಪ್ರಶ್ನೆ ಇನ್ನೂ ಜಟಿಲ. ಪ್ರಾಣಿಯನ್ನು ದೂರದಿಂದ ದೊಡ್ಡ ಮಸೂರದ ಮೂಲಕ ಚಿತ್ರಿಸುವಾಗ ಅದರ ಹೆಜ್ಜೆಯ ಸದ್ದು ಕ್ಯಾಮರಾಕ್ಕೆ ದೊರೆಯುವುದಿಲ್ಲ. ಅದನ್ನು ಆಮೇಲೆ ಸೃಷ್ಟಿಸುತ್ತಾರೆ. ಕರ್ನಾಟಕದ ಕಾಡುಗಳನ್ನು ಕುರಿತ 'ವೈಲ್ಡ್ ಕರ್ನಾಟಕ' ೨೦೨೦ರಲ್ಲಿಯೂ, 'ಗಂಧದ ಗುಡಿ' ಸಾಕ್ಷ್ಯಚಿತ್ರ ೨೦೨೨ರಲ್ಲಿಯೂ ಚಿತ್ರಮಂದಿರಗಳಿಗೆ ಬಂದು, ನಾಡಿನ ಕಾಡನ್ನು ದೊಡ್ಡ ಸಭಾಂಗಣದಲ್ಲಿ ಕುಳಿತು ಕೇಳುವ ಅವಕಾಶವನ್ನು ಸಾವಿರಾರು ಜನರಿಗೆ ಒದಗಿಸಿದವು. ಅಂಥ ಅವಕಾಶ ದೊರೆತಾಗ ಕೇಳಿದ್ದನ್ನು ಪರೀಕ್ಷಿಸುವ ಹೊಣೆಯೂ ಕೇಳುಗನಿಗೆ ಬರುತ್ತದೆ.

ಸೃಷ್ಟಿಸಿದ ಧ್ವನಿಯೆಲ್ಲ ಸುಳ್ಳೆಂದು ಹೇಳುವುದು ಲೇಖಕನ ಅಭಿಪ್ರಾಯವಲ್ಲ. ಕಲೆಯಲ್ಲಿ ಆಯ್ಕೆ, ಜೋಡಣೆ, ಕಲ್ಪನೆ ಎಲ್ಲಕ್ಕೂ ಎಡೆಯುಂಟು. ಆದರೆ ಏಕವಾಹಿನಿಯ ಕಾಲದಲ್ಲಿ ಒಂದು ಹಕ್ಕಿಯ ಕೂಗು ಕೇವಲ 'ಇದು ಕಾಡು' ಎಂಬ ಸಂಕೇತವಾಗಿತ್ತು. ಸುತ್ತುಧ್ವನಿಯಲ್ಲಿ ಅದು 'ನೀನು ಇಂಥ ಕಾಡಿನಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ಮರದ ಕೆಳಗೆ ನಿಂತಿದ್ದೀಯೆ' ಎಂಬ ಸಾಕ್ಷ್ಯವಾಗುತ್ತದೆ. ಸಂಕೇತದಲ್ಲಿನ ತಪ್ಪು ಕ್ಷಮ್ಯ. ಸಾಕ್ಷ್ಯದಲ್ಲಿನ ತಪ್ಪು ಹಾಗಲ್ಲ. ಪರದೇಶದ ಧ್ವನಿಭಂಡಾರದಿಂದ ಆಯ್ದ ಹಕ್ಕಿಯೊಂದು ಪಶ್ಚಿಮಘಟ್ಟದ ದೃಶ್ಯದಲ್ಲಿ ನೆತ್ತಿಯ ಮೇಲೆ ಕೂಗಿದರೆ ನಗರದ ಪ್ರೇಕ್ಷಕನಿಗೆ ತಿಳಿಯದು. ಅಣಶಿಯ ಪ್ರೇಕ್ಷಕನಿಗೆ ತಿಳಿಯುತ್ತದೆ.

ಈ ಪ್ರದೇಶದ ಧ್ವನಿಯೂ ಸ್ಥಿರವಾದುದಲ್ಲ. ಕಾಳೀನದಿಯು ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟಿ ಸುಮಾರು ೧೮೪ ಕಿಲೋಮೀಟರು ಹರಿದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ೧೯೮೦ರ ದಶಕದಲ್ಲಿ ಸೂಪಾ ಅಣೆಕಟ್ಟು ಪೂರ್ಣವಾದಾಗ ಹಳೆಯ ಸೂಪಾ ಊರು ಜಲಾಶಯದಲ್ಲಿ ಮುಳುಗಿತು. ಅದರೊಡನೆ ಅಲ್ಲಿಯ ಬೀದಿಯ, ಗುಡಿಯ, ಹೊಳೆದಂಡೆಯ ದನಿಗಳೂ ಮುಳುಗಿದವು. ಅಣೆಕಟ್ಟಿನ ಕೆಳಗೆ ಗಣೇಶಗುಡಿಯಿಂದ ದಾಂಡೇಲಿಯ ಕಡೆಗೆ ಹರಿಯುವ ಹೊಳೆಯ ಮೊರೆತವು ಈಗ ಮಳೆಯನ್ನಷ್ಟೇ ಅನುಸರಿಸುವುದಿಲ್ಲ. ವಿದ್ಯುದಾಗಾರದಿಂದ ನೀರು ಬಿಡುವ ಹೊತ್ತನ್ನೂ ಅನುಸರಿಸುತ್ತದೆ. ಅಲ್ಲಿ ನಿಂತು 'ಸಹಜ ನದಿ'ಯ ಧ್ವನಿಯನ್ನು ಮುದ್ರಿಸುವವನು ಅರಿಯದೆಯೇ ಆ ವೇಳಾಪಟ್ಟಿಯನ್ನೂ ಮುದ್ರಿಸುತ್ತಾನೆ. ದಾಂಡೇಲಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ, ೧೯೫೬ರಲ್ಲಿ ಘೋಷಿತವಾಗಿ ಈಗ ಕಾಳೀ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿರುವ ಅಭಯಾರಣ್ಯವೂ ನೆರೆಹೊರೆಯಲ್ಲಿವೆ. ಯಂತ್ರದ ಸದ್ದು, ಮಂಗಟ್ಟೆಯ ರೆಕ್ಕೆಯ ಸದ್ದು ಎರಡೂ ಈ ಊರಿನವೇ. ಒಂದನ್ನು ಅಳಿಸಿ ಇನ್ನೊಂದನ್ನು ಮಾತ್ರ ಉಳಿಸಿದ ಚಿತ್ರವು ಮನೋಹರವಾದೀತು, ಆದರೆ ಅದು ದಾಂಡೇಲಿಯಾಗದು.

ಜನರ ಧ್ವನಿಗೂ ಈ ಮಾತು ಅನ್ವಯಿಸುತ್ತದೆ. ೨೦೨೧ರ 'ಸಲಗ' ಚಿತ್ರದಲ್ಲಿ ಸಿದ್ದಿ ಗಾಯಕರು ಹಾಡಿದ ಗೀತವೊಂದು ನಾಡಿನಾದ್ಯಂತ ಜನಪ್ರಿಯವಾಯಿತು. ಕಾಡಿನಂಚಿನ ಸಮುದಾಯದ ಕಂಠವು ಚಿತ್ರಮಂದಿರದ ಎಲ್ಲ ಗೋಡೆಗಳಿಂದಲೂ ಕೇಳಿಬಂದುದು ಸಂತೋಷದ ವಿಷಯವೇ ಸರಿ. ಆದರೆ ಹಾಡು ಹುಟ್ಟಿದ ವೃತ್ತದ ಚಪ್ಪಾಳೆ, ನೆಲದ ನಾದ, ನಡುನಡುವಿನ ನಗೆಮಾತು ಇವುಗಳನ್ನು ತೆರೆಗೆ ಹೇಗೆ ತರಬೇಕೆಂಬುದು ಮುಂದಿನ ನಿರ್ದೇಶಕರ ಎದುರಿಗಿರುವ ಕೆಲಸ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಸುತ್ತುಧ್ವನಿಯು ಕಿವಿಯ ಸಹಜವಾದ ದಿಕ್‌ಜ್ಞಾನವನ್ನು ಆಶ್ರಯಿಸಿದೆ. ಅದರ ಮುಖ್ಯ ಫಲವು ಪ್ರೇಕ್ಷಕನನ್ನು ಸ್ಥಳದೊಳಗೆ ಇರಿಸುವುದು, ಗಟ್ಟಿತನವು ಆನುಷಂಗಿಕ. ಸ್ಥಳವನ್ನು ಕಟ್ಟುವ ಶಕ್ತಿ ಹೆಚ್ಚಿದಷ್ಟೂ ಸ್ಥಳಕ್ಕೆ ಸತ್ಯವಾಗಿರುವ ಹೊಣೆಯೂ ಹೆಚ್ಚುತ್ತದೆ.

ಈ ಹೊಣೆಯಲ್ಲಿ ಕಾಲೇಜುಗಳಿಗೂ ಪಾಲಿದೆ. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಒಂದು ನಿಯತ ಸ್ಥಳದಲ್ಲಿ, ನಸುಕು, ಮಧ್ಯಾಹ್ನ, ಮುಸ್ಸಂಜೆ, ನಡುರಾತ್ರಿಗಳಲ್ಲಿ, ಬೇಸಿಗೆ ಮಳೆಗಾಲ ಚಳಿಗಾಲಗಳಲ್ಲಿ ಕೇಳುವ ಸದ್ದುಗಳನ್ನು ದಿಕ್ಕುಸಹಿತ ಗುರುತಿಸಿ, ಸಾಧ್ಯವಾದಲ್ಲಿ ಮುದ್ರಿಸಿ, ದಿನಾಂಕದೊಡನೆ ಸಂಗ್ರಹಿಸಬಹುದು. ಇಂದು ಅವರ ಕೈಯಲ್ಲಿರುವ ಮೊಬೈಲೇ ಆರಂಭಕ್ಕೆ ಸಾಕು. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದ ನೀರಹಕ್ಕಿಗಳು, ಹಳಿಯಾಳದ ಸಂತೆ, ಜೋಯಿಡಾದ ಮಳೆ, ದಾಂಡೇಲಿಯ ಹೊಳೆ ಇವೆಲ್ಲಕ್ಕೂ ಇಂಥ ದಾಖಲೆ ಏರ್ಪಟ್ಟರೆ, ಈ ನೆಲವನ್ನು ಚಿತ್ರಿಸಲು ಬರುವವರು ಪರದೇಶದ ಭಂಡಾರವನ್ನು ಹುಡುಕಬೇಕಾಗುವುದಿಲ್ಲ. ಅನಂತರದ ಸಂಶೋಧಕನಿಗೆ, ಊರು ಹೇಗೆ ಬದಲಾಯಿತೆಂಬುದನ್ನು ಕೇಳಿಯೇ ತಿಳಿಯುವ ಆಧಾರವೂ ಸಿಕ್ಕುತ್ತದೆ. ಧ್ವನಿವರ್ಧಕಗಳನ್ನು ಎಷ್ಟು ಬೇಕಾದರೂ ಕೊಂಡು ತರಬಹುದು. ಕೇಳಬಲ್ಲ ಕಿವಿಯನ್ನು ಮಾತ್ರ ಅಭ್ಯಾಸದಿಂದಲೇ ಸಂಪಾದಿಸಬೇಕು. ಈ ಪ್ರದೇಶದ ಕಾಡಿನಲ್ಲಿ ಬೆಳೆದ ವಿದ್ಯಾರ್ಥಿಗೆ ಆ ಅಭ್ಯಾಸವು ಈಗಾಗಲೇ ಅರ್ಧದಷ್ಟು ಆಗಿರುತ್ತದೆ. ಅದನ್ನು ಶಾಸ್ತ್ರವಾಗಿ ಬೆಳೆಸುವುದು ಅಧ್ಯಾಪಕರ ಕೆಲಸ.